ಏನ್ರೀ ಎಂಬ ಸಿಪಾಯಿ

ಚಾಚಾನ ಬಲಗೈ ಹೆಬ್ಬೆರಳಿನ ಉಗುರು ಸವೆದು ಅರ್ಧಕ್ಕೆ ಬಂದಿತ್ತು. ಅರಬರ ನಾಡಿನಲ್ಲಿ, ಮಹಾಯುದ್ಧದಲ್ಲಿ ಸತ್ತ ಸಿಪಾಯಿಗಳ ಸ್ಮಶಾನವೊಂದನ್ನು ನೋಡಿಕೊಳ್ಳುವುದು ಅವರ ಕೆಲಸ. ಕಲ್ಲಿನಲ್ಲಿ ಕೆತ್ತಿದ ಹೆಸರುಗಳೊಳಗೆ ಕೂತ ಮರಳನ್ನು ಕೆರೆದು ಕೆರೆದು ಸವೆದ ಉಗುರು ಅದು. ಬ್ರಷ್ ಕೊಟ್ಟಿದ್ದರಂತೆ. "ಅಕ್ಷರ ಎಲ್ಲಿ ಮುಗೀತದ ಅನ್ನೋದು ಬ್ರಷ್ಷಿಗೇನ್ ತಿಳೀತದ ಬೇಟಿ?" ಎನ್ನುತ್ತಿದ್ದರು.

ಮಾನ್ವಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ರಜೆಗೆ ಬಂದರೂ ಸುಮ್ಮನೆ ಕೂಡುವ ಪೈಕಿ ಅಲ್ಲ. ನಮ್ಮ ತುಳಸಿಕಟ್ಟೆಗೆ ಸುಣ್ಣ ಸರಿಯಾಗಿ ಬಳಿದಿಲ್ಲವೆಂದು ಗೋಡೆಯಾಚೆಯಿಂದಲೇ ನನ್ನ ತಾಯಿಯೊಡನೆ ಜಗಳ ತೆಗೆಯುತ್ತಿದ್ದರು.

ಒಂದು ರಜೆಗೆ ಒಂದು ಹೆಸರು ಬರೆದುಕೊಂಡ ಚೀಟಿ ತಂದರು. ಗೋರಿಯಿಲ್ಲದವರ ಹೆಸರು ಕೆತ್ತಿದ ಗೋಡೆಯೊಂದು ಆ ಸ್ಮಶಾನದಲ್ಲಿತ್ತು. ಅದರಲ್ಲೊಬ್ಬ ಸಿಪಾಯಿಯ ಹೆಸರು ಇಂಗ್ಲಿಷ್ ಅಕ್ಷರದಲ್ಲಿ 'ಎನ್ರಿ'. ಗೋಡೆ ಹಳತಾಗಿ ಹೊಸದಾಗಿ ಕೆತ್ತಿಸುವಾಗ, ಇದು ಹೆಸರೇ ಅಲ್ಲ, ಬರೆದವರ ತಪ್ಪು, ಕೈಬಿಡಿ ಎಂದು ಅಧಿಕಾರಿಯೊಬ್ಬ ಹೇಳಿದ್ದನಂತೆ.

"ಅದು ನಮ್ಮ 'ಏನ್ರೀ' ಬೇಟಿ. ದಂಡಿಗೆ ಭರ್ತಿ ಮಾಡ್ಕೊಳ್ಳಾಂವ ತನ್ನ ಮಾತಿನಾಗ ಹೆಸರು ಕೇಳ್ಯಾನ. ಇಂವಗ ಆ ಮಾತು ತಿಳಿದಿಲ್ಲ, 'ಏನ್ರೀ?' ಅಂದಾನ. ಅದನ್ನ ಬರ್ಕೊಂಡಾರ. ನಮ್ಮ ಕಡಿ ಹುಡುಗ ಇಂವ!"

ನಾನು ನಕ್ಕುಬಿಟ್ಟೆ. ಚಾಚಾ ನಗಲಿಲ್ಲ. ಆ ನಗುವಿಗೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಚಾಚಾನ ಉಳಿದ ರಜೆಯೆಲ್ಲ ಬಸ್ಸಿನಲ್ಲೇ ಕಳೆಯಿತು. ಪೋತ್ನಾಳ, ಸಿರವಾರ, ಹಿರೇಕೊಟ್ನೆಕಲ್, ಅತ್ತ ದೇವದುರ್ಗ. ಆ ಕಾಲದಲ್ಲಿ ದಂಡಿಗೆ ಹೋಗಿ ಬಾರದವರ ಮನೆ ಯಾವುದೆಂದು ಕಟ್ಟೆ ಕಟ್ಟೆಗೂ ವಿಚಾರಿಸಿದರು. ಮೂರು ಮನೆ ಸಿಕ್ಕವು. ಮೂರರಲ್ಲೂ, "ನಮ್ಮ ಮುತ್ಯಾನ ಅಣ್ಣನೇ ಇರಬೇಕ್ರೀ" ಎಂದರು. ಕಾಗದಪತ್ರ ಯಾರಲ್ಲೂ ಇರಲಿಲ್ಲ.

ನಾನಾಗ ರಾಯಚೂರಿನಲ್ಲಿ ಶಾಲೆ ಟೀಚರ್. ಆ ಹೆಸರು ಕೈಬಿಡಬಾರದೆಂದು ಸ್ಮಶಾನದ ಕಚೇರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡೆಂದು ಪಟ್ಟು ಹಿಡಿದು ಕೂತರು.

"ಯಾರಂತ ಗೊತ್ತಿಲ್ದಾಗ ಏನ್ ಬರೀಲಿ ಚಾಚಾ? ಬಿಡ್ರಿ ಇನ್ನ."

"ಗೊತ್ತಿಲ್ಲಂತನೇ ಬರಿ. ಹೆಸರು ತಪ್ಪಿರಬಹುದು, ಮನುಷ್ಯಾ ತಪ್ಪಲ್ಲ. ಸತ್ತಾಂವ ತಕರಾರು ಮಾಡಂಗಿಲ್ಲ, ಅದಕ್ಕ ನಾವು ಮಾಡಬೇಕು."

ಬರೆದೆ. ಉತ್ತರವಿಲ್ಲ. ಮರಳಿ ಹೋದಮೇಲೂ ಫೋನ್ ಮಾಡಿ ಮಾಡಿ ಬರೆಸಿದರು. ನಾಲ್ಕನೆಯ ಅರ್ಜಿಯಲ್ಲಿ 'ಏನ್ರೀ' ಎಂಬ ಮಾತಿನ ಅರ್ಥ ಬಿಡಿಸಿ ಹೇಳಿ, ಮೂರೂ ಮನೆಯವರ ಸಹಿ, ಹೆಬ್ಬೆಟ್ಟು ಹಾಕಿಸಿ ಕಳಿಸಿದೆ. ಕೊನೆಗೆ ಆ ಸಾಲು ಹೊಸ ಗೋಡೆಯ ಮೇಲೂ ಉಳಿಯಿತು. ಚಾಚಾ ಅದರ ಫೋಟೋ ತೆಗೆದು, ಮುಂದಿನ ರಜೆಗೆ ಬಂದಾಗ ಮೂರು ಮನೆಗೂ ತಾವೇ ಕೊಟ್ಟುಬಂದರು. "ಮೂವರಿಗೂ ಅಂವನೇ, ತಗೋರಿ" ಎಂದರಂತೆ.

ನಿವೃತ್ತಿಯಾಗಿ ಊರಿಗೆ ಬಂದ ಎರಡನೇ ವರ್ಷ ಚಾಚಾ ತೀರಿಕೊಂಡರು. ಅದೇ ವರ್ಷ ಜೂನಿನಲ್ಲಿ ನನ್ನ ಶಾಲೆಯಲ್ಲಿ ಒಂದನೇ ತರಗತಿಯ ದಾಖಲಾತಿ ನಡೆದಿತ್ತು. ಹೆಸರೇನೆಂದು ಕೇಳಿದರೆ, ತೆಲುಗು ಮನೆಮಾತಿನ ಪುಟ್ಟ ಹುಡುಗಿ ಬೆದರಿ, "ಏಂಟಿ?" ಎಂದಳು; ತೆಲುಗಿನ 'ಏನು?' ಅದು. ಹಿಂದೆ ನೂರು ಜನ ಕಾಯುತ್ತಿದ್ದರು. ನಾನು ಪೆನ್ನು ಕೆಳಗಿಟ್ಟು, ಕುರ್ಚಿ ಬಿಟ್ಟೆದ್ದು, ಅವಳೆದುರು ಕುಕ್ಕರಗಾಲಲ್ಲಿ ಕೂತು, ನನಗೆ ಬರುವ ಅರೆಬರೆ ತೆಲುಗಿನಲ್ಲಿ ಇನ್ನೊಮ್ಮೆ ಹೆಸರು ಕೇಳಿದೆ.