ಹೆಮ್ಮಿಗೆಯಲ್ಲಿ ಎದೆಬಡಿತ ಎಣಿಸಿದ್ದು

ನಾನು ನಂಜನಗೂಡಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ನಾಡಿ ಹಿಡಿಯದೆ, ಸುಮ್ಮನೆ ಕೂತು, ಮನುಷ್ಯ ತನ್ನ ಎದೆಬಡಿತವನ್ನು ಎಷ್ಟು ಸರಿಯಾಗಿ ಗ್ರಹಿಸಬಲ್ಲ ಎಂಬುದು ನನ್ನ ಸಂಶೋಧನೆ. ಬಡಿತ ಅಳೆಯುವ ಕೈಪಟ್ಟಿ ಮಾಡಿಕೊಟ್ಟವರು ಮೈಸೂರಿನ ಒಬ್ಬ ಎಂಜಿನಿಯರು. ಹೊಲದಲ್ಲಿ ದುಡಿಯುವವರಿಗೆ ಮೈಯ ಅರಿವು ಹೆಚ್ಚು ಎಂದು ನಂಬಿ ಇಬ್ಬರೂ ಅವರ ಕಾರಿನಲ್ಲಿ ಹೆಮ್ಮಿಗೆ ಎಂಬ ಹಳ್ಳಿಗೆ ಹೋದೆವು.

ನಾಟಿ ಮುಗಿಸಿ ಬಂದ ಹೆಂಗಸರು ಜಗಲಿಯ ಮೇಲೆ ಕೂತಿದ್ದರು. ಎಲ್ಲರಿಗಿಂತ ಹಿರಿಯಾಕೆ ಮೊದಲು ಕೈಯೊಡ್ಡಿದರು. ಒಂದು ನಿಮಿಷ ಎಣಿಸಿ ಎಪ್ಪತ್ತೆರಡು ಎಂದರು. ಪಟ್ಟಿಯಲ್ಲೂ ಎಪ್ಪತ್ತೆರಡು! ಎರಡನೆಯಾಕೆಯದೂ ತಾಳೆಯಾಯಿತು. ಎಂಜಿನಿಯರರ ಮುಖ ಊರಗಲವಾಯಿತು.

ಅಷ್ಟರಲ್ಲಿ ನನಗೊಂದು ಸಂಗತಿ ಕಂಡಿತ್ತು. ಪಟ್ಟಿಯ ಅಂಚಿನಲ್ಲಿ ಸಾಸಿವೆಯಷ್ಟು ದೀಪವೊಂದು ಬಡಿತಕ್ಕೊಮ್ಮೆ ಮಿಣುಕುತ್ತಿತ್ತು. ಪಟ್ಟಿ ಪರೀಕ್ಷಿಸಲು ತಾವೇ ಅಳವಡಿಸಿದ್ದ ಆ ದೀಪವನ್ನು ಆರಿಸಲು ಎಂಜಿನಿಯರು ಮರೆತಿದ್ದರು. ಹೇಳಬೇಕಿತ್ತು. ಹೇಳಲಿಲ್ಲ. "ನನ್ನ ಪಟ್ಟಿಯಲ್ಲಿ ತಪ್ಪು ಹುಡುಕಿ ನೋಡೋಣ" ಎಂದು ದಾರಿಯುದ್ದಕ್ಕೂ ನನ್ನ ತಲೆ ತಿಂದಿದ್ದರಲ್ಲ! ಐದನೆಯಾಕೆಯವರೆಗೂ ಗಂಭೀರವಾಗಿ ಅಂಕಿ ಬರೆದುಕೊಂಡೆ.

ಕೊನೆಗೆ ಎಂಜಿನಿಯರೇ ಹಿರಿಯಾಕೆಯ ಮುಂದೆ ಕೈಮುಗಿಯುವಂತೆ ಕೂತು ಕೇಳಿದರು: "ಅಮ್ಮಾ, ಒಳಗಿಂದು ನಿಮಗೆ ಹೇಗೆ ಗೊತ್ತಾಗುತ್ತೆ?"

"ಒಳ್ಗಿಂದೇನ್ ಗೊತ್ತಾದದು ಸಾ? ಈ ದೀಪ ಮಿಣ್ ಮಿಣ್ ಅಂತಿತ್ತು, ಎಣ್ಸ್ದೆ. ಕಣ್ಮುಚ್ಕೊಳ್ಳಿ ಅಂತ ನೀವೂ ಯೋಳ್ನಿಲ್ಲ, ಈ ಮೇಡಮ್ಮೋರೂ ಯೋಳ್ನಿಲ್ಲ."

ಜಗಲಿಗೆ ಜಗಲಿಯೇ ನಕ್ಕಿತು. ಎಂಜಿನಿಯರು ನನ್ನತ್ತ ತಿರುಗಿದರು. "ನಿಮಗೆ ಕಂಡಿತ್ತಾ?" ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ.

ದೀಪದ ಮೇಲೆ ಪ್ಲಾಸ್ಟರ್ ಅಂಟಿಸಿ ಮತ್ತೆ ಎಣಿಸಲು ಹೇಳಿದೆವು. ಈ ಸಲ ಹಿರಿಯಾಕೆ ನಲವತ್ತು ಎಂದರು, ಪಟ್ಟಿಯಲ್ಲಿ ಎಪ್ಪತ್ತು. ಅವರಿಗೆ ಬೇಸರವೇನೂ ಆಗಲಿಲ್ಲ. "ಈಗ ನಿಮ್ದು ಎಣ್ಸಿ ನೋಡವ" ಎಂದು ನಮ್ಮನ್ನೇ ಹಿಡಿದು ಕೂರಿಸಿದರು. ಎಂಜಿನಿಯರು ಅರವತ್ತು ಎಂದರು, ಇದ್ದದ್ದು ತೊಂಬತ್ತು. ನನಗೆ ನಗು ಬಂದು ಲೆಕ್ಕವೇ ತಪ್ಪಿಹೋಯಿತು.

"ಓದ್ದೋರ್ದೂ ಇಷ್ಟೇಯಾ!" ಎಂದು ಹಿರಿಯಾಕೆ ಸಮಾಧಾನಪಟ್ಟು ಎಲೆಅಡಿಕೆ ಬಾಯಿಗೆ ಹಾಕಿಕೊಂಡರು.

ವಾಪಸು ಬರುವಾಗ ತಿ. ನರಸೀಪುರದ ಹೋಟೆಲಿನಲ್ಲಿ ಕೂತು ಮೊದಲ ಐದು ಅಂಕಿಗಳನ್ನು ಹೊಡೆದುಹಾಕಿದೆವು. ಎರಡನೆಯಾಕೆಯ ಹೊತ್ತಿಗೇ ನನಗೆ ದೀಪ ಕಂಡಿತ್ತೆಂದು ಅಲ್ಲಿ ಒಪ್ಪಿಕೊಂಡೆ. ಎಂಜಿನಿಯರು ನನ್ನ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡು, ನನ್ನ ಎರಡೂ ವಡೆ ನಿಧಾನವಾಗಿ ತಿಂದು ಮುಗಿಸಿದರು.