ಹಾಲು ಹಾಕಿದ ಬೀದಿಯಲ್ಲೇ ಡಬ್ಬಿ ಎತ್ತುವ ಹಾಲಣ್ಣ

ಬೆಳಗಿನ ಐದೂ ಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಮೂರನೆಯ ತಿರುವಿನ ನೀಲಿ ಗೇಟಿನ ಮುಂದೆ ಸೈಕಲ್ಲೊಂದು ನಿಲ್ಲುತ್ತದೆ. ಇಳಿದವರು ಬೆಲ್ ಒತ್ತುವುದಿಲ್ಲ. ಮಲಗಿದವರಿಗೆ ತೊಂದರೆಯಾಗದಂತೆ ಗೇಟಿನ ಚಿಲಕವನ್ನು ಎರಡು ಸಲ ಮೆಲ್ಲಗೆ ಅಲ್ಲಾಡಿಸುತ್ತಾರೆ. ಒಳಗಿನಿಂದ ಕೋಲೂರುವ ಸದ್ದು ನಿಧಾನವಾಗಿ ಹತ್ತಿರ ಬರುತ್ತದೆ. ಬಾಗಿಲು ತೆರೆದು ಒಂದು ಕೈ ಬಿಳಿ ಡಬ್ಬಿಯನ್ನು ಚಾಚುತ್ತದೆ. ಅವರು ಮುಚ್ಚಳ ತಿರುಗಿಸಿ ಬಿಗಿ ನೋಡುತ್ತಾರೆ, ಚೀಟಿಯಲ್ಲಿ ಹೊತ್ತು ಬರೆಯುತ್ತಾರೆ, ಕ್ಯಾರಿಯರ್ ಮೇಲಿನ ಐಸ್ ಪೆಟ್ಟಿಗೆಯಲ್ಲಿ ಇಡುತ್ತಾರೆ. ಮೂಗು ಮುಚ್ಚುವುದಿಲ್ಲ, ಮುಖ ಸಿಂಡರಿಸುವುದಿಲ್ಲ. ಡಬ್ಬಿಯಲ್ಲಿರುವುದು ಆ ಮನೆಯ ರೋಗಿಯ ಮಲ.

ಅರವತ್ತೊಂದರ ಈ ಮನುಷ್ಯನಿಗೆ ಬೀದಿಯಲ್ಲಿ ಹಾಲಣ್ಣ ಅಂತಲೇ ಹೆಸರು. ಇದೇ ಬೀದಿಗಳಲ್ಲಿ ಇಪ್ಪತ್ತೆರಡು ವರ್ಷ ಗಾಜಿನ ಬಾಟಲಿಯಲ್ಲಿ ಹಾಲು ಹಾಕಿದವರು. "ಆಗ ಕೊಟ್ಟು ಬರ್ತಿದ್ದೆ, ಈಗ ಇಸ್ಕೊಂಡು ಬರ್ತೀನಿ. ಮಧ್ಯದಲ್ಲಿ ಏನಾಯ್ತು ಅಂತ ಡಾಕ್ಟ್ರಮ್ಮ ಹುಡುಕ್ತಿದ್ದಾರೆ, ಅಷ್ಟೆ," ಎಂದು ನಗುತ್ತಾರೆ.

ಊರಿನ ಸಂಶೋಧನಾ ಕೇಂದ್ರದ ಡಾಕ್ಟ್ರಮ್ಮ ಹುಡುಕುತ್ತಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯ ಒಂದು ಎಳೆಯನ್ನು. ಮೈಯನ್ನು ಕಾಯಬೇಕಾದ ಪಡೆಯೇ ನರಗಳ ಹೊದಿಕೆಯನ್ನು ಕಡಿಯುವ ಕಾಯಿಲೆ ಅದು. ಒಬ್ಬರಿಗೆ ಕಣ್ಣು ಮಂಜಾಗುತ್ತದೆ, ಒಬ್ಬರಿಗೆ ಕಾಲು ಮರಗಟ್ಟುತ್ತದೆ, ಬಹುಪಾಲು ಎಲ್ಲರಿಗೂ ಹೇಳಲಾಗದ ಆಯಾಸ. ಈ ರೋಗಿಗಳ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಬೇರೆಯವರದಕ್ಕಿಂತ ಕೊಂಚ ಭಿನ್ನ. ಕಾಳು, ಸೊಪ್ಪು, ತರಕಾರಿ ಹೆಚ್ಚಿಸಿ ಊಟ ಬದಲಿಸಿದರೆ ಅವೂ ಬದಲಾದಾವೇ, ಬದಲಾದರೆ ಕಾಯಿಲೆಗೆ ಏನಾದರೂ ಆದೀತೇ ಎಂಬುದು ಪ್ರಶ್ನೆ. ಉತ್ತರ ಇನ್ನೂ ಸಿಕ್ಕಿಲ್ಲ.

ಮೂವತ್ತಾರು ರೋಗಿಗಳು. ವಾರಕ್ಕೆ ಮೂರು ಬೆಳಗು, ಬೆಳಗಿಗೆ ಆರು ಮನೆ, ಹದಿನೇಳು ಕಿಲೋಮೀಟರು. ಎರಡು ವಾರಕ್ಕೊಮ್ಮೆ ಪ್ರತಿ ಮನೆಯ ಸರದಿ. ಎಂಟೂವರೆಯೊಳಗೆ ಡಬ್ಬಿಗಳು ಪ್ರಯೋಗಾಲಯದ ಫ್ರೀಜರ್ ಸೇರಬೇಕು. ಅಲ್ಲಿ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಚಳಿ. ಮೂರು ವರ್ಷದಲ್ಲಿ ಅವರು ತಡ ಮಾಡಿದ್ದು ಒಂದೇ ದಿನ, ಸೈಕಲ್ ಚೈನ್ ತುಂಡಾದಾಗ. ಅವತ್ತು ಪೆಟ್ಟಿಗೆಯನ್ನು ಹೆಗಲಿಗೇರಿಸಿ ಓಡಿದ್ದರು.

ಹಳೆಯ ಕೆಲಸದ ಮಾತೆತ್ತಿದರೆ ಅವರ ದನಿ ತಗ್ಗುತ್ತದೆ. ಒಂದಕ್ಕೊಂದು ತಾಗುವ ಬಾಟಲಿಗಳ ಸದ್ದಿಗೆ ಬೀದಿಯ ಕಿಟಕಿಗಳು ಒಂದೊಂದಾಗಿ ಬೆಳಗುತ್ತಿದ್ದವಂತೆ. "ಒಂದು ಬಾಟ್ಲಿ ಜಾಸ್ತಿ ಕೇಳಿದ್ರೆ ನೆಂಟರು ಬಂದಿದ್ದಾರೆ ಅಂತ ಅರ್ಥ. ತೊಳೀದೆ ಇಟ್ಟಿದ್ರೆ ಮನೇಲಿ ಯಾರಿಗೋ ಹುಷಾರಿಲ್ಲ. ಕೇಳೋದೇ ಬೇಕಿರ್ಲಿಲ್ಲ." ಆಮೇಲೆ ಅಂಗಡಿಗೆ ಪ್ಯಾಕೆಟ್ಟು ಬಂತು, ಡೇರಿ ಬಾಗಿಲು ಹಾಕಿತು. ಸಂಶೋಧನಾ ಕೇಂದ್ರಕ್ಕೆ ಅವರು ಹೋದದ್ದು ಕಾವಲುಗಾರನ ಕೆಲಸ ಕೇಳಲು. ಬೀದಿ ಬೀದಿಯ ಮನೆ ನಂಬರು ಬಾಯಲ್ಲಿರುವ ಮನುಷ್ಯನನ್ನು ಡಾಕ್ಟ್ರಮ್ಮ ಗೇಟಿನಲ್ಲಿ ನಿಲ್ಲಿಸಲಿಲ್ಲ, ಡಬ್ಬಿ ತರುವ ಕೆಲಸಕ್ಕೆ ಇಟ್ಟುಕೊಂಡರು.

"ಏನ್ ಹೊರ್ತೀರಿ ಅಂತ ಅಕ್ಕಪಕ್ಕದೋರು ಕೇಳಿದ್ರೆ ನಾನು ಏನ್ ಹೇಳ್ಲಿ?" ಎಂದು ಹೆಂಡತಿ ಮೊದಲ ವಾರ ಗೋಳಾಡಿದರು. "ಜನ ಗುಟ್ಟು ಬಾಯಲ್ಲಿ ಹೇಳ್ತಾರೆ, ನನಗೆ ಡಬ್ಬೀಲಿ ಕೊಡ್ತಾರೆ ಅನ್ನು," ಎಂದರಂತೆ ಇವರು. ಇಂದಿಗೂ ಬಚ್ಚಲಲ್ಲಿ ಸ್ನಾನ ಮಾಡಿ ಬಂದ ಮೇಲೆಯೇ ಹಾಲಣ್ಣನಿಗೆ ಅಡುಗೆಮನೆಯ ಪ್ರವೇಶ.

ನೀಲಿ ಗೇಟಿನ ಮನೆಯ ಮಗಳಿಗೆ ಈಗ ಮೂವತ್ತೈದು. ಚಿಕ್ಕಂದಿನಲ್ಲಿ ಗೇಟಿನ ಬಳಿ ಕಾದಿದ್ದು, ಬಾಟಲಿ ಕೈಗೆ ಬಂದದ್ದೇ ತಡ, ಮೇಲೆ ಕಟ್ಟಿದ ಕೆನೆಯನ್ನು ಬೆರಳಲ್ಲಿ ತೆಗೆದು ನೆಕ್ಕುತ್ತಿದ್ದವಳು. ಬೆಳೆದು ಶಾಲೆಯಲ್ಲಿ ಗಣಿತದ ಮೇಡಂ ಆದಳು. ಇಪ್ಪತ್ತೇಳರಲ್ಲಿ ಒಂದು ಬೆಳಿಗ್ಗೆ ಕರಿಹಲಗೆಯ ಅರ್ಧ ಕಾಣಿಸಲಿಲ್ಲ. ನಾಲ್ಕು ವರ್ಷಗಳ ನಂತರ ಕೈಗೆ ಕೋಲು ಬಂತು, ಶಾಲೆಯ ಕೆಲಸ ಬಿಟ್ಟುಹೋಯಿತು. ಅವಳ ಕೋಣೆಯ ಗೋಡೆಯ ಮೇಲೆ ಚೌಕುಳಿ ಹಾಳೆಯೊಂದಿದೆ. ಮೂರು ತಿಂಗಳಿಗೊಮ್ಮೆ ಡಾಕ್ಟ್ರಮ್ಮ ಕೊಡುವ ವರದಿ ನೋಡಿ, ಸೊಪ್ಪುಕಾಳಿನ ನಾರು ತಿಂದು ಬದುಕುವ ಒಂದು ಬಗೆಯ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಅಲ್ಲಿ ಪೆನ್ಸಿಲ್ಲಿನಿಂದ ಡಬ್ಬಿಗೊಂದು ಚುಕ್ಕೆ ಇಡುತ್ತಾಳೆ, ಕೆಳಗೆ ಡಬ್ಬಿ ಕೊಟ್ಟ ತಾರೀಖು ಬರೆಯುತ್ತಾಳೆ.

ಕಳೆದ ವರ್ಷ ಒಂದು ಚುಕ್ಕೆ ಎಲ್ಲವನ್ನೂ ಬಿಟ್ಟು ಮೇಲಕ್ಕೆ ಹಾರಿತು. "ನೋಡಿ ಹಾಲಣ್ಣ, ಕಾಳು ತಿಂದು ತಿಂದು ಕುದುರೆ ಆಗಿದೀನಿ ಅಂತ ನಗ್ತಿದ್ರಲ್ಲ! ಊಟ ಕೆಲಸ ಮಾಡ್ತಿದೆ. ಕಾಯಿಲೆ ತಡೆಯೋಕೆ ಕೊಡೋ ಇಂಜೆಕ್ಷನ್ ಸಾಕು ಅಂತ ಮುಂದಿನ ಸಲ ಹೇಳಿಬಿಡ್ತೀನಿ," ಎಂದಳು. ಡಾಕ್ಟ್ರಮ್ಮನೂ ಆ ವರದಿ ಹಿಡಿದು ಹಿಗ್ಗಿದ್ದರು. ಹಾಲಣ್ಣ ಚುಕ್ಕೆಯ ಕೆಳಗಿದ್ದ ತಾರೀಖು ಓದಿದರು. ಆ ದಿನ ಅವರಿಗೆ ನೆನಪಿತ್ತು. ಆ ಬೆಳಿಗ್ಗೆ ಕೋಲಿನ ಸದ್ದು ಬಂದಿರಲಿಲ್ಲ. ಡಬ್ಬಿ ತಂದವರು ಅವಳ ತಾಯಿ. ಮುಖ ಕೊಟ್ಟು ಮಾತಾಡದೆ ಒಳಗೆ ಹೋಗಿದ್ದರು.

ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಆ ತಾಯಿಯ ಎದುರು ಕುಳಿತು ಹಾಲಣ್ಣ ಮೆಲ್ಲಗೆ ಕೇಳಿದರು: "ಅಕ್ಕಾ, ಅವತ್ತಿನ ಡಬ್ಬಿ ಯಾರದು?"

ಸೊಪ್ಪಿನ ಕೈ ನಿಂತಿತು. "ಅವಳಿಗೆ ಮೂರು ದಿನದಿಂದ ಹೊಟ್ಟೆ ಕಟ್ಟಿತ್ತಪ್ಪ. ನೀನು ಆ ಚಳೀಲಿ ಸೈಕಲ್ ತುಳ್ಕೊಂಡು ಬಂದಿದ್ದೆ. ಬಂದವನನ್ನ ಬರಿಗೈಲಿ ಹೇಗೆ ಕಳಿಸ್ಲಿ? ಒಂದೇ ಮನೆ, ಒಂದೇ ಊಟ. ಏನ್ ವ್ಯತ್ಯಾಸ ಬರುತ್ತೆ ಅಂತ... ನಂದೇ ಹಾಕಿ ಕೊಟ್ಟೆ."

ಅದು ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ನಿಯಮದಂತೆ ಮಗಳನ್ನೇ ಅಧ್ಯಯನದಿಂದ ಕೈಬಿಟ್ಟಾರು. ಹೇಳದಿದ್ದರೆ ಅವಳು ಒಂದು ಚುಕ್ಕೆ ನಂಬಿ ಇಂಜೆಕ್ಷನ್ ನಿಲ್ಲಿಸಿಯಾಳು. "ಕಾಲಿಗೆ ಬೀಳ್ತೀನಿ, ಅವಳಿಗೆ ಹೇಳಬೇಡ," ಎಂದರು ತಾಯಿ. ಹಾಲಣ್ಣ ಎದ್ದರು. "ನೀರು ಬೆರೆಸಿದ ಹಾಲು ಹಾಕಿದೋನಲ್ಲ ಅಕ್ಕಾ ನಾನು. ಬಾ, ಇಬ್ರೂ ಸೇರಿ ಹೇಳೋಣ."

ಮೇಡಂ ಪೂರ್ತಿ ಕೇಳಿದಳು. ಗೋಡೆ ನೋಡಿದಳು. ಆಮೇಲೆ ಅವಳು ತಾಯಿಯ ಕಡೆ ತಿರುಗಿ, "ನಿನ್ ಹೊಟ್ಟೆ ಇಷ್ಟು ಚೆನ್ನಾಗಿದ್ಯೇನಮ್ಮಾ! ಹೇಳೋದಲ್ವಾ?" ಎಂದಳು. ತಾಯಿ ಅಳುತ್ತಲೇ ನಕ್ಕರು. ಮಗಳು ರಬ್ಬರು ತೆಗೆದುಕೊಂಡು ಚುಕ್ಕೆಯನ್ನು ತಾನೇ ಅಳಿಸಿದಳು.

ಡಾಕ್ಟ್ರಮ್ಮ ಸಿಡಿಮಿಡಿಗೊಂಡರು. ಅವರ ಸಿಟ್ಟು ಇಳಿಯುವವರೆಗೂ ಹಾಲಣ್ಣ ಟೋಪಿ ಹಿಡಿದು ನಿಂತೇ ಇದ್ದರು. ಆಮೇಲೆ ಬಾಯಿಬಿಟ್ಟರು: "ಡಾಕ್ಟ್ರಮ್ಮ, ನಿಮ್ ಕಾಗದದಲ್ಲಿ ಎಷ್ಟು ಹೊತ್ತಿಗೆ, ಎಷ್ಟು ಗ್ರಾಂ, ಎಲ್ಲಾ ಕೇಳ್ತೀರ. ಆಗ್ಲಿಲ್ಲ ಅನ್ನೋಕೆ ಜಾಗಾನೇ ಇಲ್ಲ. ಪಾಪ, ಜನ ಏನ್ ಮಾಡ್ಬೇಕು?" ಹೊಟ್ಟೆ ಕಟ್ಟುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಅದು ಡಾಕ್ಟ್ರಮ್ಮನಿಗೆ ಗೊತ್ತಿತ್ತು. ರೋಗಿ ಅದಕ್ಕೆ ನಾಚುತ್ತಾನೆ ಎಂಬುದು ಹಾಲಣ್ಣನಿಗೆ ಗೊತ್ತಿತ್ತು. ಮನೆ ಮನೆಯಲ್ಲಿ ಕೂತು ಹಾಲಣ್ಣ ವಿಚಾರಿಸಿದಾಗ, ಹಿಂದಿನ ದಿನದ್ದನ್ನು ಎತ್ತಿಟ್ಟು ಕೊಟ್ಟವರು ಇನ್ನೂ ಐದು ಮಂದಿ ಸಿಕ್ಕರು. ಎಲ್ಲರದೂ ಒಂದೇ ಮಾತು: ನಿಮ್ಮನ್ನ ಬರಿಗೈಲಿ ಕಳಿಸೋಕೆ ಮನಸ್ಸಾಗ್ಲಿಲ್ಲ.

ಡಾಕ್ಟ್ರಮ್ಮ ಆ ಡಬ್ಬಿಗಳ ಲೆಕ್ಕ ಬಿಟ್ಟರು, ಅಧ್ಯಯನದಿಂದ ಜನರನ್ನು ಬಿಡಲಿಲ್ಲ. ಮೇಡಂ ಇಂಜೆಕ್ಷನ್ ನಿಲ್ಲಿಸಿಲ್ಲ. ಕಾಳು, ಸೊಪ್ಪನ್ನೂ ಬಿಟ್ಟಿಲ್ಲ. ಹೊಸ ಚುಕ್ಕೆಗಳು ಕೆಳಗೇ ಇವೆ. ಎರಡು ಮಾತ್ರ ಕೂದಲೆಳೆಯಷ್ಟು ಏರಿವೆ. ಅದಕ್ಕೇನು ಅರ್ಥವೋ ಡಾಕ್ಟ್ರಮ್ಮನೂ ಹೇಳುತ್ತಿಲ್ಲ.

ಈಗ ಪ್ರತಿ ಡಬ್ಬಿಯ ಜೊತೆ ಹೋಗುವ ಹಾಳೆಯ ಮೊದಲ ಸಾಲಿನಲ್ಲಿ ಒಂದು ಚೌಕವಿದೆ. ಪಕ್ಕದಲ್ಲಿ ಅಚ್ಚಾಗಿದೆ: ಇವತ್ತು ಆಗಲಿಲ್ಲ. ಹಾಲಣ್ಣ ಆ ಸಾಲಿನ ಮೇಲೆ ಬೆರಳಾಡಿಸುತ್ತಾರೆ. "ಇದೊಂದು ನಾನು ಹೇಳಿ ಬರೆಸಿದ್ದು. ಮಿಕ್ಕಿದ್ದೆಲ್ಲ ಓದ್ದೋರದ್ದು."

ಇನ್ನೇನಾದರೂ ಆಸೆ ಇದೆಯೇ ಎಂದರೆ ಐಸ್ ಪೆಟ್ಟಿಗೆಯ ಬೆಲ್ಟು ಬಿಗಿಯುತ್ತಾ ಕೊಂಚ ಯೋಚಿಸುತ್ತಾರೆ. "ಇದಕ್ಕೆ ದಾರಿ ಸಿಗೋವರೆಗೂ ನಾನಿರ್ತೀನೋ ಇಲ್ವೋ. ಸಿಕ್ಕಿದ ದಿನ ಯಾರಾದ್ರೂ ಹಿಂದೆ ತಿರುಗಿ ಲೆಕ್ಕ ನೋಡ್ತಾರಲ್ಲ, ಆವಾಗ ನಾನು ತಂದ ಡಬ್ಬಿ ಅಷ್ಟೂ ಅವರವರದೇ ಆಗಿರ್ಬೇಕು. ಅಷ್ಟಾದ್ರೆ ಸಾಕಪ್ಪ."