ರೇಸಿನ ಹಿಂದಿನ ದಿನದ ಪೆಟ್ರೋಲ್

ಏರು ಹತ್ತುವಾಗ ಎಂಜಿನ್ನಿನೊಳಗಿಂದ ಟಕಟಕ ಸದ್ದು ಬಂತು, ಡಬ್ಬಿಯಲ್ಲಿ ಕಲ್ಲು ಹಾಕಿ ಅಲುಗಿಸಿದ ಹಾಗೆ. ಯಶೋಧಾ ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಹೊಸನಗರದ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿದವಳು ಅವಳು. ತೀರ್ಥಹಳ್ಳಿಯಲ್ಲಿ ನಾಳೆ ನಡೆಯುವ ಕೆಸರು ರೇಸಿಗೆಂದೇ ಈ ಕಾರಿನ ಎಂಜಿನ್ ಬಿಚ್ಚಿಸಿ, ಬಲ ಹೆಚ್ಚಿಸಿ ಕಟ್ಟಿಸಿದ್ದಳು. ಅದಕ್ಕೆ ಪ್ರೀಮಿಯಂ ಪೆಟ್ರೋಲೇ ಆಗಬೇಕು. ಸಾದಾ ಹಾಕಿದರೆ ಹೊತ್ತಿಗೆ ಮುಂಚೆಯೇ ಉರಿದು ಪಿಸ್ಟನ್ನಿಗೆ ಬಡಿಯುತ್ತದೆ.

ಮನೆಗೆ ಬಂದವಳೇ ಗಂಡ ಸುನಿಲನನ್ನು ಕೇಳಿದಳು, "ಬೆಳಿಗ್ಗೆ ಕಾರಿಗೆ ಎಂತ ಹಾಕ್ಸಿದ್ರಿ?"

"ನೀನು ಹೇಳಿದ ಎರಡೂ ತಂದೆನಲ್ಲ ಮಾರಾಯ್ತಿ. ಪ್ರೀಮಿಯಂ ಕ್ಯಾನಿಗೆ, ಸಾದಾ ಕಾರಿಗೆ."

"ಕ್ಯಾನಿಗಾ?"

"ಕಳೆ ಹೊಡಿಯೋ ಮಿಷನ್ನಿಗೆ ಮತ್ತೆ! ಪಾಪ, ಇಡೀ ದಿನ ತೋಟದಲ್ಲಿ ದುಡಿಯೋದು ಅದು. ನಿನ್ನ ಕಾರು ಆಟ ಆಡೋಕೆ ತಾನೆ? ಕ್ಯಾನಿಗೆ ಆಯಿಲ್ಲೂ ಬೆರೆಸಿಟ್ಟಿದೀನಿ."

ಯಶೋಧಾಳಿಗೆ ನಗು ತಡೆಯಲಾಗಲಿಲ್ಲ. ಆಯಿಲ್ ಬೆರೆತ ಮೇಲೆ ಅದು ಕಾರಿಗೆ ಬಾರದು. ಇರಲಿ, ಪೇಟೆಯ ಪಂಪು ಇನ್ನೂ ಮುಚ್ಚಿರಲಿಲ್ಲ.

"ನಿಮ್ಮ ಮಿಷನ್ನಿಗೆ ಇವತ್ತು ಹಬ್ಬ ಬಿಡಿ. ಕಾರಿನ ಪೆಟ್ರೋಲ್ ತೆಗೆದು ನಿಮ್ಮ ಬೈಕಿಗೆ ಹಾಕಿ, ಅದರಲ್ಲೇ ಹೋಗಿ ಪ್ರೀಮಿಯಂ ತರ್ತೀನಿ. ನಾಳೆ ಗೆಲ್ಲೋದು ನಾನೇ."

"ಅಲ್ಲ ಕಣೇ, ಅಷ್ಟು ಸಣ್ಣ ವ್ಯತ್ಯಾಸ ಆ ಕಾರಿಗೆ ಹೆಂಗೆ ಗೊತ್ತಾಗ್ತದೆ..." ಎಂದು ಸುನಿಲ್ ಇನ್ನೂ ಹೇಳುತ್ತಲೇ ಇದ್ದ. ಅವಳು ಆಗಲೇ ಪೆಟ್ರೋಲ್ ಎಳೆಯುವ ಪೈಪನ್ನು ಹೆಗಲಿಗೆ ಹಾಕಿಕೊಂಡು ಕಾರಿನ ಕಡೆ ನಡೆದಿದ್ದಳು.